ಕಾಯಿ ಉದುರಿದ ಸಾಲು

ನನ್ನ ಬಲಗೈ ಹೆಬ್ಬೆರಳಿನ ಉಗುರನ್ನು ನಾನು ಪೂರಾ ಕತ್ತರಿಸುವುದಿಲ್ಲ. ಉಳಿದ ಒಂಬತ್ತು ಬೆರಳು ನೋಡಿದರೆ ಯಾವುದೇ ಹೈಸ್ಕೂಲು ಟೀಚರ ಬೆರಳು, ಸೀಮೆಸುಣ್ಣಕ್ಕೆ ಒಣಗಿ ಬಿಳಚಿಕೊಂಡವು. ಇದೊಂದರ ತುದಿಗೆ ಮಾತ್ರ ಜೋಳದ ಕಾಳಿನಷ್ಟು ಉಗುರು ಮುಂದಕ್ಕೆ ಚಾಚಿರುತ್ತದೆ. ಗಂಗಾವತಿ ಕಡೆಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದೊಂದು ಖಾಯಂ ತಮಾಷೆ. "ಮೇಡಂ, ವೀಣಾ ಕಲಿಯಾಕತ್ತೀರೇನ್ರಿ?" ಅಂತ ಪಿ.ಟಿ. ಮಾಸ್ತರು ಕೇಳುತ್ತಾರೆ. "ಹೂಂನ್ರಿ, ನಿಮ್ಮ ಸೀಟಿ ಜೋಡಿ ಒಂದು ಕಚೇರಿ ಇಟ್ಕೊಳ್ಳೂಣು" ಅನ್ನುತ್ತೇನೆ. ಬೆಳ್ಳುಳ್ಳಿ ಸುಲಿಯಲಿಕ್ಕೆ ಬೇಕು, ಪೇಪರಿನ ಪಿನ್ನು ಕೀಳಲಿಕ್ಕೆ ಬೇಕು ಅಂತ ನೂರೆಂಟು ನೆಪ ಹೇಳುತ್ತೇನೆ. ನಮ್ಮ ಮನೆಯವರಿಗೂ ಬೆಳ್ಳುಳ್ಳಿಯ ನೆಪವೇ. ಹದಿನೈದು ವರ್ಷ ಸಂಸಾರ ಮಾಡಿದವರು, ನಂಬಿದ್ದಾರೋ ಬಿಟ್ಟಿದ್ದಾರೋ, ಕೇಳಿಲ್ಲ.

ಹೋದ ತಿಂಗಳು ಕೊಪ್ಪಳದಲ್ಲಿ ನಮಗೊಂದು ತರಬೇತಿ ಇತ್ತು. ವಿಷಯ: ಗ್ರಾಮೀಣ ಹದಿಹರೆಯದವರಲ್ಲಿ ಸ್ವ-ಅರಿವಿನ ಬೆಳವಣಿಗೆ. ಹೆಸರು ಕೇಳಿಯೇ ಅರ್ಧ ಮಂದಿಗೆ ಆಕಳಿಕೆ ಬಂತು. ತರಬೇತುದಾರ ನನ್ನ ಹಳೇ ವಿದ್ಯಾರ್ಥಿಗಳ ವಾರಿಗೆಯ ಹುಡುಗ, ಭಾಳ ಉಮೇದಿನವನು. ಎಲ್ಲರ ಕೈಗೂ ಒಂದೊಂದು ಬಣ್ಣದ ಕಾರ್ಡು ಕೊಟ್ಟು, "ನಾನು ಯಾರು ಅಂತ ನನಗೆ ಮೊದಲ ಸಲ ಗೊತ್ತಾದ ಗಳಿಗೆ ಯಾವುದು, ಬರೀರಿ" ಅಂದ. ನನ್ನ ಪಕ್ಕದ ಯಲಬುರ್ಗಾ ಕಡೆಯ ಮಾಸ್ತರು "ಇನ್ನೂ ಗೊತ್ತಾಗಿಲ್ಲ ಸರ್" ಅಂತ ಬರೆದು ಚಪ್ಪಾಳೆ ಗಿಟ್ಟಿಸಿದರು. ನಾನು "ಪಿಯುಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ದಿನ" ಅಂತ ಬರೆದೆ. ನನಗೂ ಚಪ್ಪಾಳೆ ಬಿತ್ತು. ಶುದ್ಧ ಸುಳ್ಳು ಅದು. ಆಮೇಲೆ ಊಟಕ್ಕೆ ಕೂತು ಎಣಗಾಯಿ ಜೋಡಿ ರೊಟ್ಟಿ ಮುರಿಯುವಾಗ, ಅರಿಶಿನ ಹತ್ತಿ ಹಳದಿಯಾದ ಆ ಉಗುರು ಕಣ್ಣಿಗೆ ಬಿತ್ತು. ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲಿಕ್ಕೆ ಎದ್ದೆ.

ಹಳ್ಳಿ ಹುಡುಗಿಗೆ ತಾನು ಯಾರು ಅಂತ ಗೊತ್ತಾಗುವುದು ಅಷ್ಟು ಸಸಾರ ಅಲ್ಲರಿ. ತನ್ನ ಮುಖ ಹೇಗಿದೆ ಅಂತ ಗೊತ್ತಾಗುವುದೇ ತಡ. ತಳಕಲ್ಲಿನಿಂದ ಒಳಗೆ ನಾಲ್ಕು ಹರದಾರಿ ನಮ್ಮೂರು. ನಮ್ಮ ಮನೆಯಲ್ಲಿದ್ದ ಕನ್ನಡಿ ಅಂಗೈ ಅಗಲದ್ದು, ಅದನ್ನೂ ಅಪ್ಪ ದಾಡಿ ಕೆರೆದುಕೊಳ್ಳಲಿಕ್ಕೆ ತನ್ನ ಎತ್ತರಕ್ಕೆ ಗೋಡೆಗೆ ಮೆತ್ತಿದ್ದ. ತುದಿಗಾಲಲ್ಲಿ ನಿಂತರೆ ಬೈತಲೆ ಕಾಣಿಸುತ್ತಿತ್ತು, ಜಿಗಿದರೆ ಹುಬ್ಬು. ಮೂಗಿನಿಂದ ಕೆಳಗೆ ನಾನು ಹೇಗಿದ್ದೇನೆ ಅಂತ ಹದಿನಾಲ್ಕು ವರ್ಷ ಗೊತ್ತಿರಲಿಲ್ಲ ಅಂದರೆ ನಂಬುತ್ತೀರಾ? ಒಂಬತ್ತನೇತ್ತೆ ಕ್ಲಾಸಿನಲ್ಲಿ ಶಾಲೆಯವರು ಗ್ರೂಪ್ ಫೋಟೋ ತೆಗೆಸಿದರು. ಫೋಟೋ ಬಂದಾಗ ನಾನು ಮುಂದಿನ ಸಾಲಿನ ಒಬ್ಬ ಲಕ್ಷಣವಾದ ಹುಡುಗಿಯ ಮೇಲೆ ಬೆರಳಿಟ್ಟು, "ಇಕಿ ನಾನು" ಅಂದೆ.

ಪಕ್ಕದಲ್ಲಿದ್ದ ಹುಲಿಗೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ ಶಾರಿ, ಇಕಿ ನಾನs ಬೇ! ನೀ ಇಲ್ಲಿ ಹಿಂದ ಅದಿ ನೋಡು, ಬಾಯಿ ತಕ್ಕೊಂಡು ನಿಂತೀದಿ."

ಹುಲಿಗೆವ್ವ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವರವ್ವ ಹುಲಿಗಿಯ ದೇವಿಗೆ ಹರಕೆ ಹೊತ್ತು ಹಡೆದ ಮಗಳು, ಅದಕ್ಕೇ ಆ ಹೆಸರು. ನಾನೂ ಆಕೆಯೂ ಒಂದೇ ಕ್ಲಾಸು, ಆದರೆ ತಲೆ ಒಂದೇ ಅಲ್ಲ. ನಾನು ಹದಿನಾಲ್ಕನೇ ಮಗ್ಗಿಗೆ ಬೆವರುವಾಗ ಆಕೆ ಬೀಜಗಣಿತವನ್ನು ಮನಸ್ಸಿನಲ್ಲೇ ಬಿಡಿಸುತ್ತಿದ್ದಳು. ಆಕೆಗೆ ಇದ್ದದ್ದು ಒಂದೇ ಆಸೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡಬೇಕು. ಆದರೆ ಅವರವ್ವ ಮೊದಲೇ ಹೇಳಿಬಿಟ್ಟಿದ್ದಳು: "ದೊಡ್ಡಾಕಿ ಆಗೂತನ ಹೋಗು. ಆದ ದಿನ ಪಾಟೀಚೀಲ ಗೂಟಕ್ಕ." ಕುಷ್ಟಗಿ ತಾಲೂಕಿನ ಹಳ್ಳಿಯಲ್ಲಿ ಸೋದರಮಾವ ಒಬ್ಬ ಇದ್ದ, ಆಕೆ ಹುಟ್ಟಿದಾಗಲೇ ಅವನ ಜೋಡಿ ಮದುವೆಯ ಮಾತಾಗಿತ್ತು. ಅವನೇನು ಕೆಟ್ಟವನಲ್ಲ, ಜಾತ್ರೆಗೆ ಬಂದಾಗ ನನಗೂ ಬೆಂಡು ಬತ್ತಾಸು ಕೊಡಿಸುತ್ತಿದ್ದ.

ಈಗ ಉಗುರಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ಹತ್ತಿಯ ಬೀಜದ ಪ್ಲಾಟುಗಳಿವೆ. ನೀವು ಅಂಗಡಿಯಲ್ಲಿ ಕೊಳ್ಳುವ ಹೈಬ್ರಿಡ್ ಹತ್ತಿಬೀಜ ತಾನಾಗಿ ಆಗುವುದಿಲ್ಲ, ಅದನ್ನು ಹೂವಿಗೆ ಹೂವು ಕೂಡಿಸಿ ಮಾಡಬೇಕು. ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಮಧ್ಯಾಹ್ನ ಇಳಿದ ಮೇಲೆ ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರನ್ನು ಬುಡಕ್ಕೆ ತೂರಿಸಿ ಒಂದು ಸುತ್ತು ತಿರುವಿ, ಎಸಳನ್ನೂ ಒಳಗಿನ ಗಂಡು ಕೇಸರವನ್ನೂ ಟೋಪಿ ತೆಗೆದಂತೆ ತೆಗೆಯಬೇಕು. ನಡುವೆ ಒಂದು ಎಳೇ ಕಡ್ಡಿ ಉಳಿಯುತ್ತದೆ. ಮರುದಿನ ಮುಂಜಾನೆ ಗಂಡು ಹೂವು ತಂದು ಆ ಕಡ್ಡಿಗೆ ಒರೆಸಬೇಕು, ಗುರುತಿಗೆ ದಾರ ಕಟ್ಟಬೇಕು. ಉಗುರು ಒಂದು ಕೂದಲು ಆಳ ಇಳಿದರೂ ಬುಡದ ಎಳೇ ಕಾಯಿಗೆ ಗಾಯವಾಗುತ್ತದೆ. ಎಂಟು ದಿನಕ್ಕೆ ಕಾಯಿ ಉದುರುತ್ತದೆ.

ಈ ಕೆಲಸಕ್ಕೆ ಹುಡುಗಿಯರೇ ಬೇಕು. ಬೆರಳು ಸಣ್ಣವು, ನಡು ಬಾಗುತ್ತದೆ, ಬಾಯಿ ಏಳುವುದಿಲ್ಲ. ದಸರೆಯ ಸೂಟಿಯಲ್ಲಿ, ಅದರ ಹಿಂದೆ ಮುಂದೆ ಶಾಲೆ ತಪ್ಪಿಸಿಯೂ, ನಮ್ಮನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಸೀಸನ್ನಿಗೆ ಒಂದು ತಿಂಗಳು ಮುಂಚೆಯಿಂದಲೇ ನಾವು ಉಗುರು ಬಿಡುತ್ತಿದ್ದೆವು, ಬಂಡೆಗಲ್ಲಿಗೆ ತಿಕ್ಕಿ ಮಸೆಯುತ್ತಿದ್ದೆವು, ಯಾರದು ಛಲೋ ಅಂತ ಕೈಗೆ ಕೈ ಹಚ್ಚಿ ನೋಡುತ್ತಿದ್ದೆವು. ಪೇಟೆಯ ಹುಡುಗಿಯರಿಗೆ ನೈಲ್ ಪಾಲಿಶ್ ಇದ್ದಂತೆ ನಮಗೆ ಅದು. ಮೇಸ್ತ್ರಿ ದೇವಕ್ಕ ಅಂತ ಒಬ್ಬಳಿದ್ದಳು, ಎಲೆ ಅಡಿಕೆ ಬಾಯಿಯವಳು. ಯಾವಳ ಸಾಲಿನಲ್ಲಿ ಕಾಯಿ ಹೆಚ್ಚು ಉದುರುತ್ತದೋ ಅವಳನ್ನು ಬದುವಿನ ಮೇಲೆ ನಿಲ್ಲಿಸಿ, ಎಲ್ಲರ ಮುಂದೆ ಬ್ಲೇಡಿನಿಂದ ಉಗುರು ಕೊಯ್ದುಬಿಡುತ್ತಿದ್ದಳು. ಉಗುರು ಹೋದವಳು ಆ ಸೀಸನ್ನಿಗೆ ಕಳೆ ಕೀಳಬೇಕು, ಮುದುಕಿಯರ ಜೋಡಿ. ಅಷ್ಟೇ ಶಿಕ್ಷೆ, ಆದರೆ ನಮಗೆ ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಇರಲಿಲ್ಲ.

ನಾವು ಹತ್ತನೇತ್ತೆಯಲ್ಲಿದ್ದ ವರ್ಷ ಶ್ರಾವಣದಲ್ಲಿ ಒಂದು ದಿನ ಹುಲಿಗೆವ್ವ ನನ್ನನ್ನು ಜಾಲಿ ಗಿಡಗಳ ಹಿಂದೆ ಕರೆದುಕೊಂಡು ಹೋದಳು. ಮುಖ ಸುಣ್ಣದಂತಾಗಿತ್ತು.

"ಶಾರಿ, ನಾ ದೊಡ್ಡಾಕಿ ಆಗೇನಿ. ಎರಡು ತಿಂಗಳಾತು."

"ನಿಮ್ಮವ್ವಗ?"

"ಹೇಳಿಲ್ಲ. ಹೇಳೂದೂ ಇಲ್ಲ. ಹತ್ತನೇತ್ತ ಪರೀಕ್ಷಾ ಮುಗಿಯೂತನ ಹೇಳೂದಿಲ್ಲ. ನಿನಗೊಬ್ಬಾಕಿಗೇ ಗೊತ್ತು. ಹುಲಿಗೆಮ್ಮನ ಆಣಿ ಮಾಡು."

ಆಣೆ ಮಾಡಿದೆ. ಹಳೇ ಸೀರೆಯ ತುಂಡುಗಳನ್ನು ಆಕೆ ಹಳ್ಳದಲ್ಲಿ ಒಂದು ಚಪ್ಪಡಿಯ ಕೆಳಗೆ ಬಚ್ಚಿಟ್ಟಿದ್ದಳು. ಬಟ್ಟೆ ಒಗೆಯುವ ನೆವದಲ್ಲಿ ಇಬ್ಬರೂ ಹೋಗುತ್ತಿದ್ದೆವು, ನಾನು ದಾರಿ ಕಾಯುತ್ತಿದ್ದೆ. ಹೊಟ್ಟೆ ನುಲಿದರೂ ಹಲ್ಲು ಕಚ್ಚಿ ಲೆಕ್ಕ ಬಿಡಿಸುತ್ತಿದ್ದಳು ಆಕೆ. ನನಗೆ ಅಯ್ಯೋ ಅನಿಸುತ್ತಿತ್ತು. ಖರೇ ಹೇಳಬೇಕೆಂದರೆ ಅದರೊಳಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು. ಫೋಟೋದಲ್ಲಿ ಚೆಂದ ಆಕೆ, ಲೆಕ್ಕದಲ್ಲಿ ಮುಂದೆ ಆಕೆ, ಈಗ ಇದರಲ್ಲೂ ಆಕೆಯೇ ಮೊದಲು.

ಪ್ಲಾಟಿನಲ್ಲಿ ನಾವಿಬ್ಬರೂ ಜೋಡಿ. ಮಧ್ಯಾಹ್ನ ಮೊಗ್ಗು ಬಿಡಿಸುವವಳು ನಾನು, ಮುಂಜಾನೆ ಹೂವು ಒರೆಸುವವಳು ಆಕೆ. ಇನ್ನೊಂದು ವಿಷಯ ನಿಮಗೆ ಹೇಳಬೇಕು. ಹೊರಗಾದ ಹೆಂಗಸು ಪ್ಲಾಟಿನೊಳಗೆ ಕಾಲಿಡಬಾರದು, ಇಟ್ಟರೆ ಬೆಳೆ ಕಮರುತ್ತದೆ ಅಂತ ಅಲ್ಲಿ ಕಟ್ಟುನಿಟ್ಟು. ಆ ನಾಲ್ಕು ದಿನ ಹೆಂಗಸರು ತಾವಾಗಿಯೇ ಮನೆಯಲ್ಲಿ ಉಳಿಯುತ್ತಿದ್ದರು. ಹುಲಿಗೆವ್ವ ಉಳಿಯುವ ಹಾಗಿರಲಿಲ್ಲ. ಉಳಿದರೆ ಗುಟ್ಟು ಒಡೆಯುತ್ತದೆ. ಅಂಜಿಕೊಂಡೇ ಬರುತ್ತಿದ್ದಳು, ಬದುವಿಗೆ ಹಣೆ ಹಚ್ಚಿ ಕೈ ಮುಗಿದು ಒಳಗೆ ಇಳಿಯುತ್ತಿದ್ದಳು.

ನನಗೆ ಆಗ ಬೇರೆಯೇ ಹುಚ್ಚು ಹಿಡಿದಿತ್ತು. ಬೀಜದ ಕಂಪನಿಯ ಸೂಪರ್‌ವೈಸರು ತನ್ನ ಮೋಟಾರ್‌ಸೈಕಲ್ಲನ್ನು ನಮ್ಮ ಸಾಲಿನ ತುದಿಗೇ ನಿಲ್ಲಿಸುತ್ತಿದ್ದ. ಅದಕ್ಕೆ ಎರಡು ಕನ್ನಡಿ. ಬಾಗಿದರೆ ನನ್ನ ಮುಖ ಗದ್ದದವರೆಗೆ ಪೂರಾ ಕಾಣಿಸುತ್ತಿತ್ತು! ಮುಂದಿನ ಹಲ್ಲು ಒಂಚೂರು ಓರೆ, ಆದರೂ ಪರವಾಗಿಲ್ಲ ಅನಿಸಿತು. ನಕ್ಕು ನೋಡಿದೆ, ಮುನಿದು ನೋಡಿದೆ, ಸಿನಿಮಾದವರಂತೆ ಓರೆಗಣ್ಣು ಮಾಡಿ ನೋಡಿದೆ. ಅವನು ಬರುವುದರೊಳಗೆ ಕನ್ನಡಿಗೆ ಹೋಗಬೇಕೆಂದು ಮೊಗ್ಗುಗಳನ್ನು ಚಟಚಟನೆ ತಿರುವಿ ಒಗೆದು ಓಡುತ್ತಿದ್ದೆ. ಎಷ್ಟು ಮೊಗ್ಗಿಗೆ ಉಗುರು ಆಳ ಇಳಿಯಿತೋ! ಒಮ್ಮೊಮ್ಮೆ ಕೆಳಗೆ ಮೆತ್ತಗೆ ಏನೋ ಕೊಯ್ದಂತೆ ಬೆರಳಿಗೇ ತಿಳಿಯುತ್ತಿತ್ತು. ತಿಳಿದರೂ ಮುಂದಿನ ಗಿಡಕ್ಕೆ ಹೋಗುತ್ತಿದ್ದೆ.

ಈ ಹುಚ್ಚು ಹಿಡಿದ ಒಂಬತ್ತನೇ ದಿನವೋ ಹತ್ತನೇ ದಿನವೋ, ಮುಂಜಾನೆ ನಾವು ಹೋಗುವ ಹೊತ್ತಿಗೆ ನಮ್ಮ ಸಾಲಿನ ಬುಡದಲ್ಲೆಲ್ಲ, ಆಚೀಚೆಯ ಸಾಲಿನಲ್ಲೂ ಅಲ್ಲಲ್ಲಿ, ಎಳೇ ಕಾಯಿ ಬಿದ್ದಿದ್ದವು, ದಾರ ಕಟ್ಟಿದ್ದು ಕಟ್ಟಿದ ಹಾಗೇ. ದೇವಕ್ಕ ಉಡಿ ತುಂಬ ಆರಿಸಿಕೊಂಡು ಬಂದು ಬದುವಿನ ಮೇಲೆ ಸುರಿದಳು. ಹೊಲದ ಸಾವ್ಕಾರನೂ ಬಂದು ನಿಂತಿದ್ದ. "ಯಾವಾಕಿ ಉಗುರು ಇದು? ಕೈ ಚಾಚ್ರಿ ಎಲ್ಲಾರೂ!" ಅಂತ ದೇವಕ್ಕ ಬ್ಲೇಡು ತೆಗೆದಳು. ಮೂವತ್ತು ಹುಡುಗಿಯರು ಕೈ ಚಾಚಿ ನಿಂತೆವು. ಆಕೆ ಒಂದು ಕಾಯಿಯನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸುತ್ತಾ ನಮ್ಮ ಕಡೆ ನಡೆದು ಬಂದಳು. ನನ್ನ ಪಕ್ಕ ಹುಲಿಗೆವ್ವ ಇದ್ದಳು. ಅವತ್ತು ಆಕೆಗೆ ಎರಡನೇ ದಿನ. ದೇವಕ್ಕ ನನ್ನ ಕೈ ಹಿಡಿದಳು.

"ಉಗುರಲ್ರಿ ಯಕ್ಕಾ," ಅಂದೆ. "ಹುಲಿಗೆವ್ವ ಹೊರಗಾಗ್ಯಾಳ್ರಿ. ಹಂಗ ಒಳಗ ಬಂದಾಳ."

ಯೋಚನೆ ಮಾಡಿ ಅಂದದ್ದಲ್ಲ ಅಂತ ಬರೆಯಬೇಕೆಂದು ಈಗಲೂ ಆಸೆಯಾಗುತ್ತದೆ. ಆದರೆ ಯೋಚನೆ ಮಾಡಿಯೇ ಅಂದೆ. ದೇವಕ್ಕ ಮೂರು ಹುಡುಗಿಯರ ಕೈ ನೋಡಿ ನನ್ನ ಹತ್ತಿರ ಬರುವಷ್ಟರಲ್ಲಿ, ಆಣೆ ನೆನಪಾಯಿತು, ಪರೀಕ್ಷೆ ನೆನಪಾಯಿತು, ಕುಷ್ಟಗಿಯ ಮಾವ ನೆನಪಾದ. ಎಲ್ಲ ನೆನಪಾದ ಮೇಲೆ ಬಾಯಿ ಬಿಟ್ಟೆ. ಎಲ್ಲರೂ ನನ್ನನ್ನು ಬಿಟ್ಟು ಹುಲಿಗೆವ್ವನನ್ನು ನೋಡಿದರು, ನನಗೆ ಹಾಯ್ ಅನಿಸಿತು. ಆ ತರಬೇತಿಯ ಹುಡುಗನ ಕಾರ್ಡಿಗೆ ಖರೇ ಉತ್ತರ ಇದು: ನಾನು ಯಾರು ಅಂತ ನನಗೆ ಗೊತ್ತಾದದ್ದು ಆ ಹಾಯ್ ಅನಿಸಿದ ಗಳಿಗೆಯಲ್ಲಿ.

ಆಮೇಲೆ ಯಾರೂ ಆ ಕಾಯಿಯನ್ನು ನೋಡಲಿಲ್ಲ. ದೇವಕ್ಕ ಅದನ್ನು ಕೆಳಗೆ ಒಗೆದು ಎರಡೂ ಕೈಯಿಂದ ತಲೆ ಬಡಿದುಕೊಂಡಳು. ಸಾವ್ಕಾರ ಹೌಹಾರಿ, ಮನೆಯಿಂದ ಆಕಳ ಗಂಜಲ ತರಿಸಿ ಸಾಲು ಸಾಲಿಗೂ ಚಿಮುಕಿಸಿದ. ಹುಲಿಗೆವ್ವನನ್ನು ಹೊಲದ ನಡುವೆ ಹಾಯಲಿಕ್ಕೆ ಬಿಡಲಿಲ್ಲ, ಮುಳ್ಳುಬೇಲಿಯ ಗುಂಟ ಸುತ್ತು ಹಾಕಿಸಿ ರಸ್ತೆಗೆ ದಾಟಿಸಿದರು. ಆಕೆ ಅಳಲಿಲ್ಲ. ಬೇಲಿಯ ಗುಂಟ ಹೋಗುವಾಗ ಬಿದ್ದ ಕಾಯಿಗಳನ್ನೇ ನೋಡುತ್ತಾ ಹೋದಳು. ಎಂಟು ದಿನದ ಹಿಂದೆ ಕೆಟ್ಟ ಕಾಯಿ ನಿನ್ನೆಯ ಮುಟ್ಟಿಗೆ ಹೇಗೆ ಉದುರಿತು ಅಂತ ಒಬ್ಬರೂ ಲೆಕ್ಕ ಹಾಕಲಿಲ್ಲ. ಕ್ಲಾಸಿಗೇ ಲೆಕ್ಕದಲ್ಲಿ ಮೊದಲಿದ್ದ ಹುಡುಗಿಯೂ ಹಾಕಲಿಲ್ಲ.

ಸುದ್ದಿ ನಮ್ಮ ಟೆಂಪೋಗಿಂತ ಮೊದಲು ಊರು ಮುಟ್ಟಿತ್ತು. ಹುಲಿಗೆವ್ವನನ್ನು ಹನ್ನೊಂದು ದಿನ ಕೂಡಿಸಿ, ಹಸಿರು ಸೀರೆ ಉಡಿಸಿ ಆರತಿ ಮಾಡಿದರು. ನಾನೂ ಹೋಗಿದ್ದೆ, ಗೆಳತಿ ಅಲ್ಲವೇ? ಹೆಂಗಸರ ಜೋಡಿ ಸೋಬಾನೆ ಹಾಡಿದೆ, ಕೊಬ್ಬರಿ ಬೆಲ್ಲ ತಿಂದೆ. ಆಕೆ ತಲೆ ಎತ್ತಲಿಲ್ಲ. ಒಂದೇ ಮಾತು ಕೇಳಿದಳು: "ಶಾರಿ, ಸಾವ್ಕಾರಂದು ಪೂರಾ ಹೊಲ ಹೋತೇನ?" ಇಲ್ಲ ಅಂದೆ. ನನ್ನದೇ ತಪ್ಪು ಅನ್ನಲಿಲ್ಲ. ಮುಂದಿನ ಬ್ಯಾಸಿಗೆಯಲ್ಲಿ ಕುಷ್ಟಗಿಯ ಮಾವನ ಜೋಡಿ ಆಕೆಯ ಮದುವೆ ಆಯಿತು. ಶಾಲೆಯ ಹಾಜರಿಯಲ್ಲಿ ಆಕೆಯ ಹೆಸರಿನ ಮುಂದೆ ಕೆಲವು ದಿನ ಗೈರುಹಾಜರಿ ಬಿತ್ತು, ಆಮೇಲೆ ಹೆಸರಿಗೇ ಕೆಂಪು ಗೆರೆ ಎಳೆದರು. ನನ್ನ ಉಗುರು ಉಳಿಯಿತು. ನಾನು ಹತ್ತನೇತ್ತೆ ಪಾಸಾದೆ, ಮುಂದೆ ಓದಿದೆ, ನೌಕರಿ ಆಯಿತು.

ನಡುವೆ ಮದುವೆ ಮುಂಜಿವೆಗಳಲ್ಲಿ ನಾನೂ ಹುಲಿಗೆವ್ವನೂ ಹತ್ತಾರು ಸಲ ಸಿಕ್ಕಿದ್ದೇವೆ. ಸೀರೆಯ ಮಾತು, ಮಕ್ಕಳ ಮಾತು, ಮಳೆಯ ಮಾತು ಎಲ್ಲ ಆಡಿದ್ದೇವೆ, ಇದೊಂದನ್ನು ಬಿಟ್ಟು. ತರಬೇತಿ ಮುಗಿದ ಮೊದಲನೇ ಐತವಾರ ನಾನು ಕುಷ್ಟಗಿ ಬಸ್ಸು ಹತ್ತಿದೆ. ಪ್ಲಾಟಿನ ಆ ದಿನಕ್ಕೆ ಇಪ್ಪತ್ತು ವರ್ಷ ಮೇಲಾಗಿತ್ತು. ಬಸ್ಸಿನಲ್ಲಿ ಹೇಳುವ ಮಾತನ್ನು ಪಾಠ ಮಾಡಿಕೊಂಡೆ, ಟೀಚರ ಚಟ.

ಆಕೆಯ ಮನೆಯ ಹೊರಕಟ್ಟೆಯ ಮೂಲೆಯಲ್ಲಿ ಒಂದು ಹುಡುಗಿ ಕೂತಿತ್ತು. ಮಗ್ಗುಲಲ್ಲಿ ಬೇರೆ ತಟ್ಟೆ, ಬೇರೆ ಚರಿಗೆ. ಫೋಟೋದಲ್ಲಿ ನಾನು ಬೆರಳಿಟ್ಟ ಆ ಮುಖವೇ.

"ಎವ್ವಾ, ಶಾರವ್ವ ಬಂದಾಳ!" ಅಂತ ಹುಲಿಗೆವ್ವ ಓಡಿ ಬಂದಳು. "ಆಕಿನ್ನ ಮುಟ್ಟಬ್ಯಾಡ, ಹೊರಗ ಅದಾಳ. ನನ್ನ ಮಗಳು, ಸವಿತಾ, ನೀ ನೋಡಿಲ್ಲಲ್ಲ. ನೀ ಒಳಗ ಬಾ."

ಚಹಾ ಕೊಟ್ಟಳು. ಎಷ್ಟನೇ ಕ್ಲಾಸು ಅಂತ ಕೇಳಿದೆ.

"ಒಂಬತ್ತನೇತ್ತ ಇದ್ಲು. ಎರಡು ತಿಂಗಳಾತು, ಬಿಡಿಸೇನಿ. ದೊಡ್ಡಾಕಿ ಆದ್ಲಲ್ಲ."

"ಈಗಿನ ಕಾಲದಾಗ ಯಾರ ಬಿಡಸ್ತಾರ ಹುಲಿಗಿ? ಅವರಪ್ಪ ಬ್ಯಾಡ ಅಂದ್ನೇನು?"

"ಅವ ಕಳಸೂಣು ಅಂತ ಬಡಕೊಳ್ಳಾಕತ್ತಾನ. ನಾನs ಬ್ಯಾಡ ಅಂದೇನಿ." ದನಿ ತಗ್ಗಿಸಿದಳು. "ನನ್ನ ಮೈಯಾಗ ಏನೈತಿ ಅಂತ ನಿನಗ ಗೊತ್ತಿಲ್ಲೇನು? ನಿಂತ ಬೆಳಿ ಉದುರಿಸಿದಾಕಿ ನಾನು. ಆಮ್ಯಾಲೆ ಎರಡು ಬಸಿರು ನಿಲ್ಲಲಿಲ್ಲ. ಈದ ಎಮ್ಮಿ ಸತ್ತುವು. ಆಕಿನೂ ನನ್ನ ಹೊಟ್ಟಿಯಾಗ ಹುಟ್ಟಿದಾಕಿ. ನಾಳೆ ಸಾಲ್ಯಾಗ ಏನರ ಆದ್ರ, ನಾಕು ಮಂದಿ ನಡುವ ನನ್ನಂಗ ನಿಲ್ಲೂದು ಬ್ಯಾಡ ಆಕಿ."

ಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅತ್ತುಕೊಂಡೇ ಹೇಳಿದೆ. "ಹುಲಿಗಿ, ಅದು ನಿನ್ನಿಂದ ಆದದ್ದಲ್ಲ. ನನ್ನ ಉಗುರು ತಾಗಿತ್ತು. ಗಾಡಿ ಕನ್ನಡಿ ನೋಡೂ ಗಡಿಬಿಡ್ಯಾಗ ನಾನs ಕಾಯಿ ಕೊಯ್ದಿದ್ದೆ. ನನಗ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ."

ಆಕೆ ಪೂರಾ ಕೇಳಿದಳು. ಆಮೇಲೆ ನಕ್ಕಳು, ನನ್ನ ಕೈ ಹಿಡಿದು ಸವರಿದಳು.

"ನೀ ಮೊದಲಿಂದೂ ಹಿಂಗs ನೋಡು. ಮಂದಿ ತಪ್ಪು ನಿನ್ನ ಮೈಮ್ಯಾಲೆ ಹಾಕ್ಕೊಳ್ಳಾಕಿ. ನನ್ನ ಸಮಾಧಾನಕ್ಕ ಇಷ್ಟು ದೂರ ಬಂದು ಸುಳ್ಳು ಹೇಳ್ತಿ."

"ಹುಲಿಗೆಮ್ಮನ ಆಣಿ, ಖರೇ ಐತಿ."

"ದೇವಿ ಹೆಸರು ಸುಳ್ಳಿಗೆ ತರಬ್ಯಾಡ."

"ಹಂಗಾದ್ರ ಲೆಕ್ಕ ಹಾಕು. ಉಗುರು ತಾಗಿದ ಕಾಯಿ ಎಂಟು ದಿನಕ್ಕ ಉದುರತೈತಿ. ಅವತ್ತ ನಿನಗ ಎರಡನೇ ದಿನ. ಲೆಕ್ಕದಾಗ ನೀ ಶಾಣ್ಯಾ ಇದ್ದಿ, ಹಾಕು."

ಆಕೆ ಬೆರಳಿನ ಗೆಣ್ಣು ಎಣಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಬೆರಳು ನಿಂತಿತು. ಮುಖದ ಮೇಲಿನ ನಗು ಅಲ್ಲೇ ಇತ್ತು, ಆದರೆ ಕಣ್ಣು ನನ್ನನ್ನು ಬಿಟ್ಟು ಗೋಡೆಗೆ ಹೋಯಿತು. "ಅದೆಲ್ಲಾ ಲೆಕ್ಕಕ್ಕ ಸಿಗೂವಂಥದಲ್ಲ ಬಿಡವಾ," ಅಂದು ಚಹಾದ ಕಪ್ಪು ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಪ್ಪು ತೊಳೆಯುವ ಸಪ್ಪಳ ಭಾಳ ಹೊತ್ತು ಕೇಳಿಸಿತು.

ನಾನು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಕಟ್ಟೆಯ ಮೇಲಿಂದ ಸವಿತಾ ಮೆಲ್ಲಗೆ ಕರೆದಳು.

"ಟೀಚರ್, ನೀವು ಹೇಳಿದ್ದು ಖರೇ ಐತಿ. ಕಿಟಕ್ಯಾಗಿಂದ ನನಗೆಲ್ಲಾ ಕೇಳಿಸ್ತು."

"ಹೌದವಾ, ಖರೇ ಐತಿ." ನನಗೆ ಆಸೆ ಚಿಗುರಿತು. "ಅವ್ವಗ ನೀನೂ ತಿಳಿಸಿ ಹೇಳು. ನಾ ಮುಂದಿನ ಐತವಾರ ಮತ್ತ ಬರ್ತೇನಿ, ನಿನ್ನ ಸಾಲಿಗೆ ಹಚ್ಚೂತನ..."

"ಬರಬ್ಯಾಡ್ರಿ." ಹುಡುಗಿ ಹಿತ್ತಲಿನ ಕಡೆ ಕಿವಿಗೊಟ್ಟು ಮತ್ತಷ್ಟು ಮೆಲ್ಲಗೆ ಅಂದಳು. "ಅವ್ವ ಎಣಸೂದು ನಡುವ ಬಿಟ್ಟದ್ದು ನಾ ನೋಡೇನಿ. ಪೂರಾ ಎಣಸಿದ್ರ ಆಕಿಗೆ ತಡಕೊಳ್ಳಾಕ ಆಗೂದಿಲ್ರಿ. ನೀವು ಹೇಳಿ ಬಸ್ ಹತ್ತಿ ಹೋಗ್ತೀರಿ. ಆಕಿ ಜೋಡಿ ಇರಾಕಿ ನಾನು."

"ಮತ್ತ ನಿನ್ನ ಸಾಲಿ?"

ಸವಿತಾ ಖಾಲಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ನಾನು ಹೋಗುವುದನ್ನೇ ಕಾಯುತ್ತಾ ಕೂತಳು. ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು. ಆದರೂ ನಾನು ಬಿರಬಿರನೆ ನಡೆದೆ.